ಟಾಕಿಯ ಪಕ್ಕ, ಗುರುವಾರ

ಭಾಂಡುಪಿನಲ್ಲಿ ಎಂಟೂ ಕಾಲಿಗೆ ನೀರು ಬಿಡುತ್ತಾರೆ.
ಎಂಟೂ ಹತ್ತಕ್ಕೇ ನಾನು ಮೆಟ್ಟಿಲು ಹತ್ತುತ್ತೇನೆ,
'ಟಾಕಿ ನೋಡಿ ಬರ್ತೀನಿ' ಎಂದು.
ಕೆಳಗೆ ಒಂದೇ ಕೋಣೆ:
ಮಗನ ಹತ್ತನೆಯ ಇಯತ್ತೆ, ಗಂಡನ ಕ್ರಿಕೆಟ್ಟು,
ನಾದಿನಿಯ ಹೊಲಿಗೆ ಮಷಿನ್ನು.
ಅಲ್ಲಿ ಅಳುವುದಕ್ಕೂ ಪಾಳಿ ಹಚ್ಚಬೇಕು.

ಮಾಳಿಗೆಯ ಪಡುವಣ ಮೂಲೆ, ಡಿಶ್ಶಿನ ಅಡಿಗೆ
ಎರಡು ಕಡ್ಡಿ ನೆಟ್‌ವರ್ಕು.
ಅಷ್ಟರಲ್ಲೇ ಮೂಡುತ್ತಾರೆ ಗ್ರೇಟಾ ಮೇಡಂ
ಮಂಗಳೂರಿನ ಒಂದು ಹಸಿರು ಪರದೆಯ ಮುಂದೆ,
ಮೊದಲು ಹಣೆ, ಆಮೇಲೆ ದನಿ,
ತುಟಿ ಎಲ್ಲಕ್ಕಿಂತ ತಡವಾಗಿ.

ಮೊದಲ ದಿನವೇ ಹೇಳಿದ್ದರು:
'ನಾನು ಡಾಕ್ಟರಲ್ಲ, ಗುಳಿಗೆ ಬರೆಯೋದಿಲ್ಲ.
ಸಮಾಜ ಕಾರ್ಯಕರ್ತೆ, ಇದು ನನ್ನ ನೋಂದಣಿ ಸಂಖ್ಯೆ.
ನೀವು ಹೇಳಿದ್ದು ನನ್ನಲ್ಲೇ ಇರುತ್ತದೆ,
ಜೀವಕ್ಕೆ ಅಪಾಯ ಅನಿಸಿದರೆ ಮಾತ್ರ ಹೊರಗೆ.'
ತಲೆಯಾಡಿಸಿದೆ. ದಿನಾ ಇಪ್ಪತ್ತು ಬಾಗಿಲಲ್ಲಿ
ನಾನೂ ಹೀಗೇ ಒಪ್ಪಿಗೆ ಕೇಳುವವಳು:
ಹೆಸರೇನು, ವಯಸ್ಸೆಷ್ಟು, ಬರಿಹೊಟ್ಟೆಯಾ,
ಸ್ವಲ್ಪ ಚುರ್ ಅಂತದ, ಮುಷ್ಟಿ ಬಿಗಿ ಹಿಡೀರಿ.

'ಏನು ತ್ರಾಸು, ಕಸ್ತೂರಿ?'
'ಏನಿಲ್ರೀ. ದೊಡ್ಡದೇನಿಲ್ಲ.'
ಮೂರು ಗುರುವಾರ ಅದನ್ನೇ ಹೇಳಿದೆ
ಟಾಕಿಗೆ ನೀರು ಬೀಳುವ ಸದ್ದಿನೊಳಗೆ.
ಸಲಕ್ಕೆ ಆರು ನೂರು, ಒಂದು ಥೈರಾಯ್ಡ್ ತಪಾಸಣೆ.
ಮನೆಯಲ್ಲಿ ಭಿಶಿ ಎಂದಿದ್ದೇನೆ.

ನಾಲ್ಕನೆಯ ಸಲ ಬಾಯಿಗೆ ಬಂತು:
ಪೊವಾಯಿಯಲ್ಲಿ ಒಬ್ಬ ಅಜ್ಜಿ, ಕಾಗದದಂಥ ತೊಗಲು.
ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ.
ಬೈಯಲಿಲ್ಲ ಆಕೆ.
'ಬೆಳಿಗ್ಗೆ ಏನಾದ್ರೂ ತಿಂದೀಯೇನವ್ವ' ಎಂಬರ್ಥದಲ್ಲಿ
ಹಿಂದಿಯಲ್ಲಿ ಏನೋ ಅಂದಳು.
ಸಾಮಾನಿನ ಲಿಫ್ಟಿನಲ್ಲಿ, ಐಸ್ ಡಬ್ಬಿ ಅವಚಿಕೊಂಡು
ಹದಿಮೂರನೆಯ ಮಹಡಿಯಿಂದ ನೆಲದವರೆಗೆ ಅತ್ತೆ.
ಬಾಗಿಲು ತೆರೆದರೆ ವಾಚ್‌ಮನ್:
'ಏನಾಯ್ತು, ಸ್ಯಾಂಪಲ್ ಒಡೀತಾ?'

'ಇಷ್ಟ ರೀ ಮೇಡಂ. ಇದಕ್ಕ್ಯಾಕ ಅಳಬೇಕು?
ನೇರಳೆ ಮುಚ್ಚಳದ್ದು ರಕ್ತದ ಎಣಿಕೆಗೆ, ಬೂದು ಸಕ್ಕರಿಗೆ,
ಹಳದಿ ಉಳದದ್ದಕ್ಕೆಲ್ಲ.
ಇದನ್ನ ಯಾವುದರಾಗ ತುಂಬಲಿ?
ಚೀಟಿ ಏನಂತ ಹಚ್ಚಲಿ?'

ಉತ್ತರವಿಲ್ಲ. ನೆಟ್‌ವರ್ಕು ಹೋಯಿತೆಂದುಕೊಂಡೆ.
ಹಸಿರು ಪರದೆ ಅಲುಗಿತು. ಅವರು ಅಲ್ಲೇ ಇದ್ದರು.
ನೇರಳೆಯದನ್ನು ಕುಲುಕಬಾರದು,
ಎಂಟು ಸಲ ಮೆಲ್ಲಗೆ ಬಗ್ಗಿಸಿ ಎತ್ತಬೇಕು,
ಇಲ್ಲದಿದ್ದರೆ ಹೆಪ್ಪುಗಟ್ಟುತ್ತದೆ.
ನನ್ನ ಮಾತನ್ನು ಅವರು ಹಿಡಿದದ್ದು ಹಾಗೆ.
ಆಮೇಲೆ ಕೇಳಿದರು:
'ಅಜ್ಜಿ ಕೇಳಿದ್ರಲ್ಲ, ತಿಂದಿದ್ರಾ?'

ಇಲ್ಲ. ನಾಲ್ಕೂ ಐವತ್ತರ ಲೋಕಲ್ಲಿಗೆ ಓಡುವವಳು,
ಕಂಡವರ ಬರಿಹೊಟ್ಟೆ ವಿಚಾರಿಸುತ್ತ
ಹನ್ನೊಂದು ವರ್ಷ ನಾನೇ ಬರಿಹೊಟ್ಟೆ.

ಎರಡನೆಯ ಮನೆ ಮುಗಿಸಿ, ಎಲ್ಲಾದರೂ ಕೂತು
ಒಂದು ರೊಟ್ಟಿ ತಿನ್ನಿ ಎಂದರು.
ಇಷ್ಟಕ್ಕೆ ಆರು ನೂರೇ? ಸಿಟ್ಟು ಬಂತು,
ಬಂದದ್ದನ್ನು ಹೇಳಿಯೇ ಬಿಟ್ಟೆ.
ಅವರು ನಕ್ಕದ್ದಕ್ಕೆ ನಾನೂ ನಕ್ಕೆ,
ಅಷ್ಟರಲ್ಲಿ ಟಾಕಿ ತುಂಬಿ ಹರಿದು
ಮೆಟ್ಟಿಲಿಳಿದು ಮೂರನೆಯ ಮಹಡಿಯ ಚಪ್ಪಲಿಗಳನ್ನೆಲ್ಲ ತೇಲಿಸಿತ್ತು.

ಸೀರೆಯ ಅಂಚೆತ್ತಿ ಮ್ಹಾತ್ರೆ ಕಾಕು ಹತ್ತಿ ಬಂದರು.
'ಯಾರ ಜೊತೆ ಮಾತು?'
'ಅಕ್ಕನ ಜೊತೆ. ಊರಿಂದ.'
'ಪ್ರತಿ ಗುರುವಾರ ಅಳಿಸ್ತಾಳಲ್ಲ, ಎಂಥ ಅಕ್ಕ?'
ಕಣ್ಣು ನನ್ನ ಮುಖದ ಮೇಲೇ ಇತ್ತು.
ವಾಲ್ವು ತಿರುಗಿಸಿ, ಕೆಮ್ಮುತ್ತ ಇಳಿದು ಹೋದರು.

ಕಾಂಜೂರ್‌ಮಾರ್ಗದ ಸೇತುವೆಯ ಮೇಲೆ
ನಾಲ್ಕು ದಿನ ರೊಟ್ಟಿ, ಶೇಂಗಾ ಹಿಂಡಿ. ಎರಡು ದಿನ ಮರೆತೆ.
ಶನಿವಾರ ಮತ್ತೆ ಅತ್ತೆ, ಹೊಟ್ಟೆ ತುಂಬಿದ್ದರೂ.

ಮುಂದಿನ ಗುರುವಾರ ಹತ್ತಿ ನೋಡಿದರೆ
ಟಾಕಿಯ ಪಕ್ಕ ಬೋರಲು ಹಾಕಿದ ಬಕೆಟ್ಟು,
ಅದರ ಮೇಲೆ ಕಾಕು, ಕೈ ವಾಲ್ವಿನ ಮೇಲೆ.
'ನೀರು ನಾನು ನೋಡ್ತೀನಿ. ನೀನು ಮಾತಾಡು.'
ಮುಖ ಅತ್ತ ತಿರುಗಿಸಿ ಕೂತರು
ಮುಲುಂಡಿನ ದೀಪಗಳ ಕಡೆಗೆ.

ಮುಕ್ಕಾಲು ಗಂಟೆ ಕಳೆದು ಫೋನಿಟ್ಟಾಗ
ಬೆನ್ನು ತಿರುಗಿಸಿಕೊಂಡೇ ಕೇಳಿದರು,
ನೀರಿನ ಸದ್ದಿಗಿಂತ ತುಸು ಸಣ್ಣ ದನಿಯಲ್ಲಿ:
'ನಿನ್ನ ಆ ಅಕ್ಕನಿಗೆ
ಮರಾಠಿ ಬರುತ್ತದಾ?'