ಎರಡು ಪರ್ಸೆಂಟು

ರಾಗಿ ಡಬ್ಬ ಇಳಿಸುತ್ತ ಕೇಳಿದ್ದ ಪಾತಲಿಂಗಪ್ಪ,
"ಶಿವನಂಜಮ್ಮೋರೆ, ರಿಂಗ್ ರೋಡ್ ಹತ್ರ ಆ ಹೊಂಗೆಮರದ ಸೈಟು
ನಿಮ್ದೇ ಅಂತಲ್ಲ?"
ಹೌದೆಂದೆ. ಮಿಲ್ಲಿನ ಸದ್ದಿಗೆ
ಬೆಲೆಯನ್ನು ಕಿರುಚಿಯೇ ಹೇಳಬೇಕಾಯಿತು,
ಸಾಲಿನಲ್ಲಿದ್ದ ಅರ್ಧ ಕ್ಯಾತಸಂದ್ರ ಕೇಳಿಸಿಕೊಂಡಿತು.
ಮೂವತ್ತೆರಡು ಲಕ್ಷಕ್ಕೆ ನಿಂತಾಗ
ಅವನ ಹಿಟ್ಟು ಇನ್ನೂ ಬಿಸಿಯಿತ್ತು.

ಹನ್ನೆರಡನೇ ದಿನ ತುಮಕೂರಿನಲ್ಲಿ ರಿಜಿಸ್ಟ್ರೇಷನ್.
ಕ್ಯಾಮೆರಾಕ್ಕೆ ಮುಖ ಕೊಟ್ಟೆ. ಹೆಬ್ಬೆರಳು ಕೊಟ್ಟೆ,
ಮೆಷಿನ್ನಿಗೆ ಗೆರೆಯೇ ಸಿಗಲಿಲ್ಲ.
ಇಪ್ಪತ್ತು ವರ್ಷ ಹಿಟ್ಟು ಮುಟ್ಟಿದ ಬೆರಳು,
ಸೀರೆಗೆ ಒರೆಸಿ ಒರೆಸಿ ನಾಲ್ಕನೇ ಸಲಕ್ಕೆ ಒಪ್ಪಿತು.
ಹೊರಗೆ ಬಂದರೆ
ಬೆರಳಚ್ಚಿನವರ ಮೇಜಿಗೆ ಒರಗಿ ನಿಂತಿದ್ದಾನೆ ದೊಡ್ಡರಂಗಯ್ಯ,
ಜೇಬಲ್ಲಿ ಎರಡು ಫೋನು
ಬಾಯಲ್ಲಿ ಎರಡು ಪರ್ಸೆಂಟು.
"ಅರವತ್ನಾಲ್ಕು ಸಾವಿರ ಆಗ್ತದಮ್ಮ.
ನೀವು ಅರವತ್ತು ಕೊಡಿ."

ಯಾಕೆ ಕೊಡಲಿ, ಅಂದೆ.
ನೀನು ಕರೆತಂದವರು ಮೂವರು.
ಒಬ್ಬ ವಾಸ್ತು ನೋಡಿದ, ಒಬ್ಬ ಫೋನು ನೋಡಿದ,
ಇನ್ನೊಬ್ಬ ಕಾರಿನಿಂದ ಇಳಿಯಲೇ ಇಲ್ಲ.
ಈ ಗಿರಾಕಿ ನನ್ನ ಬಾಗಿಲಿಗೆ ತಾನಾಗಿ ಬಂದವನು.
ಕಾಗದ ಇದೆಯೇನೋ ನಿನ್ನ ಹತ್ತಿರ, ಕಾಗದ?

ಕಾಗದ ಇರಲಿಲ್ಲ.
ಮಿಲ್ಲಿನ ಮೆಟ್ಟಿಲ ಮೇಲೆ ಟೀ ಕುಡಿಯುತ್ತ ನಾನೇ ಅಂದಿದ್ದೆ,
ಯಾರ ಕಡೆಯಿಂದಾದರೂ ವ್ಯಾಪಾರ ಆಗಲಿ
ನಿನ್ನ ಮರೆಯಲ್ಲ ಕಣೋ, ಅಂತ.
ಮರೆಯಲ್ಲ ಅಂದರೆ ಎಷ್ಟು ಸಾವಿರ?

ಅವನು ಜಗಳಕ್ಕೆ ಬರಲಿಲ್ಲ. ಲೆಕ್ಕ ತೆಗೆದ.
ಪಾರ್ಥೇನಿಯಂ ಕೀಳಿಸಿದ್ದು ಮೂರು ಸಲ.
ಪಕ್ಕದವರು ಮೂಲೆಕಲ್ಲನ್ನು ಒಂದು ಗೇಣು ಒಳಕ್ಕೆ ಹೂತಾಗ
ಬಿಸಿಲಲ್ಲಿ ಟೇಪು ಹಿಡಿದು ನಿಂತು ಮತ್ತೆ ನೆಡಿಸಿದ್ದು.
ಹೊಂಗೆಗೆ ತಗಡು ಹೊಡೆದದ್ದು,
'ಸೈಟು ಮಾರಾಟಕ್ಕಿದೆ', ಕೆಳಗೆ ಅವನ ನಂಬರು.

ಪಾತಲಿಂಗಪ್ಪ ಕೆಮ್ಮಿದ.
"ಆ ತಗಡು ನೋಡೇ ನಂಗೆ ಗೊತ್ತಾಗಿದ್ದು ಅಮ್ಮ.
ಫೋನ್ ಮಾಡ್ದೆ, ಮೂವತ್ತೈದು ಅಂದ್ರು ಇವ್ರು.
ಸೈಟು ಯಾರದೂ ಅಂತ ಎದುರುಮನೇಲಿ ವಿಚಾರಿಸ್ದೆ.
ರಾಗಿ ಬೀಸ್ಸೋ ಅವಸರ
ನಮ್ಮನೇಲಿ ಏನೂ ಇರ್ಲಿಲ್ಲ."

ಮೂವರೂ ಸ್ವಲ್ಪ ಹೊತ್ತು
ಸ್ಟಾಂಪು ಮಾರುವವನ ಕಿಟಕಿ ನೋಡಿದೆವು.

ಇಪ್ಪತ್ತೈದು ಸಾವಿರ ಕೊಟ್ಟೆ.
ಯಾರೂ ಕೇಳದೆ ಪಾತಲಿಂಗಪ್ಪ ಐದು ಸೇರಿಸಿದ.
ದೊಡ್ಡರಂಗಯ್ಯ ಎಣಿಸದೆ ಜೇಬಿಗಿಟ್ಟ,
ಮೂಲೆ ತಿರುಗಿದ ಮೇಲೆ ಎಣಿಸಿದನಂತೆ.
ಬಾಕಿ ಇದೆ ಅಂತ ಅವನು ಅನ್ನಲಿಲ್ಲ
ಇಲ್ಲ ಅಂತ ನಾನೂ ಅನ್ನಲಿಲ್ಲ.

ಮೊನ್ನೆ ಶನಿವಾರ ಮಿಲ್ಲಿಗೆ ಬಂದ, ಐದು ಸೇರು ರಾಗಿ.
ತೂಗಿದೆ, ಸುರಿದೆ, ಬೀಸಿ ನಿಲ್ಲಿಸಿದೆ.
ಪ್ರತಿ ಡಬ್ಬದ ಒಂದು ಹಿಡಿ
ಕಲ್ಲಿನ ಸಂದಿಯಲ್ಲಿ, ಬಟ್ಟೆಯ ಚೀಲದಲ್ಲಿ ನಿಂತುಬಿಡುತ್ತದೆ.
ರಾತ್ರಿ ಗುಡಿಸಿದರೆ ಅರ್ಧ ಮೊರ.
ಯಾರ ಹಿಟ್ಟು ಇದು ಅಂತ
ಈ ಇಪ್ಪತ್ತು ವರ್ಷದಲ್ಲಿ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಅವನು ಬಗ್ಗಿ ಬಟ್ಟೆಯ ಚೀಲ ಹಿಡಿದು
ಎರಡು ಸಲ ತಟ್ಟಿದ.
"ಇನ್ನೊಂದ್ಸಲ ನೀವೇ ಬಡೀರಮ್ಮ," ಅಂದ,
"ಒಳಗಡೆ ಉಳ್ಕೊಂಡಿರ್ತದೆ."

ಬಡಿದೆ.