ಮೂರು ಕಾಲಿನ ಕಾಳು

ವಾರ್ಸಾದ ವೊಲುಮೆನ್ ಸಂತೆ, ಭಾನುವಾರ, ಮೈನಸ್ ಒಂಬತ್ತು.
ಮಡಚು ಮೇಜಿನ ಮೇಲೆ ಹೀರೊನಿಮ್ ಹರಡಿದ್ದಾನೆ
ಮಾತ್ರೆ ಡಬ್ಬಿ, ಗುಂಡಿ ಡಬ್ಬಿ, ಮೀನು ತಿಂದು ತೊಳೆದ ಡಬ್ಬಿ.
ಒಳಗೆ ಟ್ರಾನ್ಸಿಸ್ಟರು:
ಉದ್ದಿನಕಾಳಿಗಿಂತ ತುಸು ದೊಡ್ಡದು, ಅಷ್ಟೇ ಕಪ್ಪು,
ಅರ್ಧಚಂದ್ರದ ಮೈ, ಮೂರು ಕಾಲು.
ಕೈಗವಸು ತೆಗೆದರೆ ಬೆರಳು ಸೆಟೆಯುತ್ತದೆ,
ತೆಗೆಯದಿದ್ದರೆ ಕಾಳು ಸಿಗುವುದಿಲ್ಲ.

"ಬಿಸಿ ಐನೂರ ನಲವತ್ತೊಂಬತ್ತು, ಕೊನೆಗೆ ಸಿ ಇರಲಿ," ಅಂದೆ.
"ಯಾತಕ್ಕೆ?"
"ಜೇನಿಗೆ."
ಅವನು ನಗಲಿಲ್ಲ. ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ
ನನ್ನತ್ತ ತಳ್ಳಿದ. ಹೇಳು ಅಂತ ಅರ್ಥ.

ಹೇಳಿದೆ. ರೈಲು ಹಳಿಯಾಚೆ ತೋಟದ ತುಂಡುಗಳಿವೆಯಲ್ಲ,
ಅಲ್ಲಿ ಬೊಗ್ನಾ ಹನ್ನೊಂದು ಪೆಟ್ಟಿಗೆ ಜೇನು ಸಾಕಿದ್ದಾಳೆ.
ಚಳಿಯಲ್ಲಿ ಮುಚ್ಚಳ ಎತ್ತುವಂತಿಲ್ಲ, ಎತ್ತಿದರೆ
ನೋಡಲು ಹೋದವಳೇ ಕೊಂದ ಹಾಗೆ.
ಇವೆಯೋ ಇಲ್ಲವೋ ಹೊರಗಿನಿಂದ ಕೇಳಬೇಕು.
ಹೋದ ವರ್ಷ ನಾನೇ ಕಟ್ಟಿಕೊಟ್ಟೆ, ಸೋಪಿನ ಡಬ್ಬಿಯಲ್ಲೊಂದು ಆಂಪ್ಲಿಫೈಯರು,
ಕೈಗೆ ಸಿಕ್ಕ ಟ್ರಾನ್ಸಿಸ್ಟರು ಹಾಕಿ, ನೂರಕ್ಕೆ ಆರು ಜ್ಲೋಟಿಯದು.
ಅವಳು ಹೆಡ್‌ಫೋನಿಟ್ಟು ಏಳನೇ ಪೆಟ್ಟಿಗೆಗೆ ಕಿವಿಗೊಟ್ಟಳು.
ಸುಯ್ ಅಂತಿದೆ, ಅಂದಳು. ಇವೆ, ಅಂದಳು.
ಮಾರ್ಚಿನಲ್ಲಿ ತೆಗೆದಾಗ
ಬೊಗಸೆ ತುಂಬ ಒಣ ಹೊಟ್ಟು.
ಚಳಿಗಾಲವಿಡೀ ಅವಳು ಕೇಳಿದ್ದು
ನನ್ನ ಟ್ರಾನ್ಸಿಸ್ಟರಿನ ಉಸಿರು.

ಹೀರೊನಿಮ್ ಎರಡು ಡಬ್ಬಿ ಮುಂದಿಟ್ಟ.
"ಇದು ಹಳೇ ದಾಸ್ತಾನು, ಮುಚ್ಚಿಹೋದ ರೇಡಿಯೋ ಕಾರ್ಖಾನೆಯದು, ಒಂದಕ್ಕೆ ಮೂರು.
ಅದು ಮೊನ್ನೆ ಬಂದದ್ದು, ಮೂವತ್ತು ಗ್ರೋಶಿ.
ಅಕ್ಷರ ಎರಡರದ್ದೂ ಒಂದೇ. ಓದು ಬಂದರೆ ಸಾಲದು ಇಲ್ಲಿ."
ಹತ್ತಿಗೆ ಅಸಿಟೋನ್ ಅದ್ದಿ ಅಗ್ಗದ್ದರ ಹಣೆ ಒರೆಸಿದ.
ಹಣೆಬರಹ ಹತ್ತಿಗೆ ಬಂತು.
ಹಳೆಯದನ್ನೂ ಒರೆಸಿದ. ಅದರದ್ದೂ ತುಸು ಬಂತು.
"ನೋಡು, ಇದನ್ನೂ ಪೂರ್ತಿ ನಂಬುವ ಹಾಗಿಲ್ಲ.
ಬಿಲ್ಲು ಬೇಕಿದ್ದರೆ ಕಂಪನಿಗೆ ಬರೆ, ಅವರು ನೂರರ ಕೆಳಗೆ ಮಾರುವುದಿಲ್ಲ.
ಮತ್ತೆ ಚಪ್ಪಟೆ ಮುಖ ನಿನ್ನತ್ತ ಇಟ್ಟುಕೊ:
ಎಡಕ್ಕೆ ಕಲೆಕ್ಟರು, ಬಲಕ್ಕೆ ಎಮಿಟರು.
ಜಪಾನಿನವು ಕಾಲು ಅದಲುಬದಲಾಗಿಯೇ ಹುಟ್ಟಿರುತ್ತವೆ, ಬೆರೆಸಬೇಡ."
ನಲವತ್ತು ಕೊಂಡೆ. ಎರಡು ಕೊಸರು ಹಾಕಿದ.

ರಾತ್ರಿ, ಅಡುಗೆಮನೆ. ಫ್ರಿಜ್ಜು ಆರಿಸಿದೆ, ಗಡಿಯಾರ ಹೊರಗಿಟ್ಟೆ.
ಮೀಟರಿನ ತೂತಿಗೆ ಒಂದೊಂದನ್ನೇ ಊರಿ ಕೇಳಿದೆ, ಎಷ್ಟು ಪಟ್ಟು?
ನಾನೂರ ಎಂಬತ್ತು. ಐನೂರ ಹನ್ನೆರಡು.
ಬೆರಳಲ್ಲಿ ಹಿಡಿದರೆ ಅದೇ ಐನೂರ ಮೂವತ್ತು,
ನನ್ನ ಮೈಬಿಸಿಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ, ಪೆದ್ದು.
ಬಿಟ್ಟು, ಕಾದು, ಮತ್ತೆ ಓದಬೇಕು.

ಹಿಗ್ಗಿಸುವುದು ದೊಡ್ಡ ವಿದ್ಯೆಯಲ್ಲ ಬಿಡಿ.
ಪಿಸುಮಾತನ್ನು ಐನೂರು ಮಾಡುವವರು
ನಮ್ಮ ಮೆಟ್ಟಿಲಲ್ಲೇ ನಾಲ್ಕು ಜನ ಇದ್ದಾರೆ.
ತನ್ನದೊಂದು ಮಾತು ಸೇರಿಸದೆ ದಾಟಿಸುವವನು ಬೇಕು.

ತಂತಿಯ ತುದಿಗೆ ಏನನ್ನೂ ಕಟ್ಟದೆ ಕೇಳಿದೆ, ಒಬ್ಬೊಬ್ಬನನ್ನೂ.
ಒಂದು ಮಳೆ ಸುರಿಸಿತು. ಒಂದು ಜೋಳದ ಅರಳು ಹುರಿಯಿತು.
ಒಂದು ಸುಮ್ಮನಿದ್ದು, ಸುಮ್ಮನಿದ್ದು, ಗಂಟಲು ಕೆರೆಯಿತು.
ನಲವತ್ತೆರಡರಲ್ಲಿ ಉಳಿದದ್ದು ಐದು.
ಅದರಲ್ಲೊಂದು ಕೊಸರಿನದು.

ಬೊಗ್ನಾ ಹೆಡ್‌ಫೋನಿಟ್ಟುಕೊಂಡಳು. ಹಿಮ ಮೊಣಕಾಲಿಗೆ.
ಒಂದನೇ ಪೆಟ್ಟಿಗೆ: ದೂರದ ಟ್ರಾಮಿನ ಹಾಗೆ, ಅಂದಳು.
ಎರಡು, ಮೂರು: ಹೂಂ, ಹೂಂ.
ನಾಲ್ಕರ ಮುಂದೆ ನಿಂತಳು.
ಡಬ್ಬಿಯ ತಿರುಗುಣಿ ಕೊನೆತನಕ ತಿರುಗಿಸಿದಳು.
ನನ್ನತ್ತ ನೋಡಿದಳು, ಕೆಟ್ಟಿರಬೇಕು ಅನ್ನಲಿ ಇವನು ಅಂತ.
ನಾನು ಅನ್ನಲಿಲ್ಲ.
ಜೇಬಿನಿಂದ ಸೀಮೆಸುಣ್ಣ ತೆಗೆದು ಮುಚ್ಚಳದ ಮೇಲೊಂದು ಗೆರೆ ಎಳೆದು
ಐದಕ್ಕೆ ಹೋದಳು.