ಮೊದಲು ಮೀನು ಹೇಳು

ಹಾಳೆ ವಾಪಸು ಬಂತು, ಇಪ್ಪತ್ತರಲ್ಲಿ ನಾಲ್ಕು.
ಕೆಂಪು ಶಾಯಿಯ ಒಂದೇ ಒಂದು ಬಾಣ,
ಡೆಲ್ಟಾದ ಬಾಲದಿಂದ ಎಪ್ಸಿಲಾನಿನ ತಲೆಗೆ.
ಹಾಗೆಂದರೇನೆಂದು ನಾನು ಕೇಳಲಿಲ್ಲ.
ಕೇಳುವುದಕ್ಕೆ ಯಾವ ಭಾಷೆ ಎತ್ತಿಕೊಳ್ಳಲಿ?

ಉಪ್ಪಳದ ಶಾಲೆಯಲ್ಲಿ
ಸಮೀಕರಣ, ವರ್ಗಮೂಲ, ಲಂಬ, ವಿಕರ್ಣ
ಅಡುಗೆಮನೆಯ ಪಾತ್ರೆಗಳಂತೆ
ಕರೆಂಟು ಹೋದರೂ ಕೈಗೆ ಸಿಗುತ್ತಿದ್ದವು.
ಇಲ್ಲಿ, ಕಾಸರಗೋಡಿನ ಮೂರನೇ ಬೆಂಚಿನಲ್ಲಿ,
ಎಲ್ಲಕ್ಕೂ ಬೇರೆ ಹೆಸರು, ಬೇರೆ ಹಿಡಿ.
ಬಿಂದುಜಾ ಟೀಚರು ಇಂಗ್ಲಿಷಿನಲ್ಲಿ ಬರೆದು
ಮಲಯಾಳದಲ್ಲಿ ಸಮಾಧಾನ ಹೇಳುತ್ತಾರೆ:
'ಚೆರುದು, ಇನಿಯುಂ ಚೆರುದು.'
ಸಣ್ಣದು, ಇನ್ನೂ ಸಣ್ಣದು. ಅಷ್ಟು ನನಗೂ ತಿಳಿಯುತ್ತದೆ,
ಯಾವುದು, ಯಾಕೆ ಎಂಬುದೊಂದು ಬಿಟ್ಟು.

ರಾತ್ರಿ, ಅವರೇ ಕಳಿಸಿದ ಆ್ಯಪ್.
ಒಡೆದ ಗಾಜಿನಡಿ ಒಂದು ನೀಲಿ ಗೆರೆ,
ಅಡ್ಡಕ್ಕೆ ಹಳದಿ ಪಟ್ಟಿ, ನೆಟ್ಟಗೆ ಬೂದು ಪಟ್ಟಿ.
ಬೆರಳಲ್ಲಿ ಎಳೆದರೆ ಕುಗ್ಗುತ್ತವೆ,
ಗೆರೆ ಒಳಗೆ ನುಸುಳಿದರೆ ಹಸಿರು ದೀಪ.
ನೂರು ಸಲ ಎಳೆದೆ. ನೂರು ಸಲ ಹಸಿರು.
ಅರ್ಥವಾಯಿತೆಂದು ಮಲಗಿದೆ.
ಯಾವುದನ್ನು ಮೊದಲು ಎಳೆದರೂ ಆ ಆ್ಯಪಿಗೆ ಒಂದೇ;
ಅದು ಸಿಟ್ಟಾಗುವುದಿಲ್ಲ,
ಕೇಳುವುದೂ ಇಲ್ಲ.

ಭಾನುವಾರ ಲೋಕಯ್ಯ ಮಾವ ಜಗಲಿಯಲ್ಲಿ
ಕಾಲ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು
ಹರಿದಲ್ಲಿ ಹೆಣೆಯುತ್ತಿದ್ದರು.
ನನ್ನ ಹಾಳೆ ನೋಡಲಿಲ್ಲ, ಕನ್ನಡಕ ದೋಣಿಯಲ್ಲಿ ಬಿಟ್ಟಿದ್ದರು.
'ಮಾವ, ಬಲೆಯ ಕಣ್ಣು ಎಷ್ಟಿರಬೇಕು?'
ಸುಮ್ಮನೆ, ಮಾತಿಗೆಂದು ಕೇಳಿದ್ದು.
ಸೂಜಿ ನಿಂತಿತು.
'ಯಾವ ಮೀನಿಗೆ?
ಬಂಗುಡೆಗೋ, ಬೂತಾಯಿಗೋ, ಕೊಲ್ಲತರುವಿಗೋ?
ಮೊದಲು ಮೀನು ಹೇಳು ಮಾರಾಯ್ತಿ,
ಆಮೇಲೆ ಕಣ್ಣು ಹೇಳುತ್ತೇನೆ.
ನೀನು ಎಷ್ಟು ಸಣ್ಣದು ಹೇಳಿದರೂ ಅದಕ್ಕೊಂದು ಕಣ್ಣುಂಟು.
ಎಲ್ಲ ಮೀನಿಗೂ ಒಂದೇ ಕಣ್ಣು ಅಂದರೆ
ಅದು ಬಲೆಯಲ್ಲ, ಗೋಣಿ.'

ಒಳಗೆ ಹೋಗಿ ಹಾಳೆ ಬಿಡಿಸಿದೆ.
ಗೋಣಿಯನ್ನೇ ಬರೆದಿದ್ದೆ,
ದುಂಡಗಿನ ಅಕ್ಷರದಲ್ಲಿ, ಕೆಳಗೆ ಎರಡು ಗೆರೆ ಎಳೆದು.

ಈಗ ಬೆಳಗಿನ ರೈಲಿನಲ್ಲಿ
ಕುಂಬಳೆಯಿಂದ ಮಿಸ್ರಿಯಾ ಹತ್ತುತ್ತಾಳೆ.
ಹಳದಿ ಅವಳದು, ಬೂದು ನನ್ನದು.
ಅವಳು ಕುಗ್ಗಿಸದೆ ನಾನು ಮುಟ್ಟುವಂತಿಲ್ಲ,
ಇದು ನಾವೇ ಮಾಡಿಕೊಂಡ ಕಾನೂನು.
'ಬೂತಾಯಿ!' ಎಂದು ಫೋನು ದಾಟಿಸುತ್ತಾಳೆ.
ಎಳೆಯುತ್ತೇನೆ. ಹಸಿರು.
'ಕೊಲ್ಲತರು!'
ಹಸಿರು. ಪಕ್ಕದ ಅಜ್ಜಿ ಬುಟ್ಟಿ ಮುಚ್ಚಿ
ನಮ್ಮನ್ನೇ ನೋಡುತ್ತಾಳೆ.

ಇವತ್ತು ಹೊಸ ಗೆರೆ.
ನಡುವೆ ಮೆಟ್ಟಿಲಿನಂತೆ ಮುರಿದಿದೆ.
ಮಿಸ್ರಿಯಾ ಕೊಟ್ಟದ್ದು ಅಂಥಾ ಸಣ್ಣದೇನಲ್ಲ,
ನಾನು ಕುಗ್ಗಿಸಿದೆ, ಕೂದಲೆಳೆಯಷ್ಟು,
ಅದಕ್ಕೂ ಸಣ್ಣ. ಕೆಂಪು.
ಮೊಗ್ರಾಲ್ ಹೊಳೆ ದಾಟಿತು, ಕೆಂಪು.
ಬೆರಳಿನ ತಪ್ಪೋ, ಗೆರೆಯದೇ ಗುಣವೋ?
'ಸೋತೆಯಾ?' ಎಂದಳು. ಸೋತದ್ದಲ್ಲ ಅನ್ನಿಸಿತು,
ಬಾಯಿಬಿಟ್ಟು ಹೇಳುವಷ್ಟು ಧೈರ್ಯ ಬರಲಿಲ್ಲ.

ಸಂಜೆ ಮಾವನ ಹತ್ತಿರ ಕೇಳಬೇಕು:
ಯಾವ ಕಣ್ಣಿಗೂ ಸಿಗದ ಮೀನು
ಉಂಟೋ ಕಡಲಲ್ಲಿ?